ಟೊಳ್ಳು ಕಾಳು

ಕೆಂಗುಡ್ಡದಲ್ಲಿ ಉಸಿರು ಎನ್ನುವುದು ಕುಡಿಯುವ ನೀರಿನ ಹಾಗೆ ತುಂಬಿಸಿಕೊಂಡು ಬರಬೇಕಾದ ಪದಾರ್ಥವಾಗಿಬಿಟ್ಟಿತ್ತು. ಸಂಡೂರಿನ ಆಚೆಗಿನ ಆ ಗಣಿಯೂರಿನಲ್ಲಿ ಗುಡ್ಡಗಳನ್ನು ಅಗೆದೂ ಅಗೆದೂ ಕೊನೆಗೆ ಗುಡ್ಡಗಳೇ ಗಾಳಿಯಲ್ಲಿ ತೇಲತೊಡಗಿದ್ದವು. ನಡು ಮಧ್ಯಾಹ್ನದ ಸೂರ್ಯನೂ ಅಲ್ಲಿ ಒಂದು ಕುಂಕುಮದ ಬೊಟ್ಟಿನಷ್ಟೇ. ಹಸುಗೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಎಲ್ಲರ ಎದೆಗೂಡಿನಲ್ಲೂ ಅದಿರಿನ ಧೂಳು ಸಂಸಾರ ಹೂಡಿತ್ತು. ಊರು ಬಿಡಲು ಆಗುವವರು ಬಿಟ್ಟು ಹೋದರು. ಆಗದವರ ಕೊರಳಿಗೆ ಗಿಂಡಿ ಬಂತು.

ಗಿಂಡಿ ಎಂದು ಹೆಸರಿಟ್ಟದ್ದು ಊರಿನವರು. ಅಂಗೈಯಗಲದ ಉಕ್ಕಿನ ಡಬ್ಬಿ. ಪಕ್ಕಕ್ಕೊಂದು ಪುಟ್ಟ ಸೊಂಡಿಲು. ಸೊಂಡಿಲಿನಿಂದ ಮೂಗಿಗೆ ಒಂದು ಕೊಳವೆ. ಒಳಗಿರುವುದು ತಿಳಿ ಹಳದಿ ಬಣ್ಣದ ಪುಡಿ, ಸೀರಿಯಂ ಮತ್ತು ಜಿರ್ಕೋನಿಯಂ ಎಂಬ ಎರಡು ಲೋಹಗಳ ಆಕ್ಸೈಡು. ಆ ಪುಡಿ ಆಮ್ಲಜನಕವನ್ನು ತನ್ನ ಹರಳಿನೊಳಗೆ ಜಿಪುಣನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಡಬ್ಬಿಯ ಬ್ಯಾಟರಿ ಅದನ್ನು ಕೊಂಚ ಬೆಚ್ಚಗೆ ಮಾಡಿದರೆ ಇಷ್ಟಿಷ್ಟೇ ಬಿಟ್ಟುಕೊಡುತ್ತದೆ. ಬರಿದಾದಾಗ ಕಾರ್ಖಾನೆಯ ಕಟ್ಟೆಗೆ ಹೋಗಿ ಬೇರೆ ಪುಡಿ ತುಂಬಿಸಿಕೊಂಡು ಬರಬೇಕು. ಹೆಂಗಸರು ಮೊದಲು ನಲ್ಲಿಯ ಹತ್ತಿರ ಆಡುತ್ತಿದ್ದ ಜಗಳವನ್ನೆಲ್ಲ ಈಗ ಆ ಕಟ್ಟೆಯ ಹತ್ತಿರ ಆಡುತ್ತಿದ್ದರು.

ಪುಡಿಯ ಗುಟ್ಟೆಲ್ಲ ಇದ್ದದ್ದು ಕಾಳಿನ ಆಕಾರದಲ್ಲಿ. ಕಾರ್ಖಾನೆಯ ನಡುವೆ ನಿಂತ ಉಕ್ಕಿನ ಗೋಪುರದ ನೆತ್ತಿಯಲ್ಲಿ ಒಂದು ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ. ಆಕ್ಸೈಡನ್ನು ನೀರು ಮತ್ತು ಅಂಟಿನೊಂದಿಗೆ ನುಣ್ಣಗೆ ಅರೆದು ಮಾಡಿದ ಅಂಬಲಿ ಆ ಚಕ್ರದ ಮೇಲೆ ಬಿದ್ದು ಮಂಜಿನಂಥ ಹನಿಗಳಾಗಿ ಸಿಡಿಯುತ್ತದೆ. ಬಿಸಿಗಾಳಿಯಲ್ಲಿ ತೇಲಿ ಕೆಳಗಿಳಿಯುವಷ್ಟರಲ್ಲಿ ಹನಿಯ ನೀರು ಆರಿ, ತಳಕ್ಕೆ ಬರುವಾಗ ಅದು ದುಂಡನೆಯ ಕಾಳು. ಗಾಳಿಯ ಬಿಸಿ ಹದವಾಗಿದ್ದರೆ ಕಾಳು ಸಾಸಿವೆಯ ಹಾಗೆ ಒಳಗೂ ಹೊರಗೂ ಗಟ್ಟಿ. ಬಿಸಿ ಏರಿದರೆ ಹನಿಯ ಹೊರಮೈ ಮೊದಲೇ ಒಣಗಿ ಸಿಪ್ಪೆ ಕಟ್ಟುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ, ಉಬ್ಬಿ, ಸಿಪ್ಪೆಯನ್ನು ತೂತು ಮಾಡಿಕೊಂಡು ಹಾರಿಹೋಗುತ್ತದೆ. ಹಿಂದೆ ಉಳಿಯುವುದು ಟೊಳ್ಳು. ಕಾರ್ಖಾನೆಯ ಮಂದಿ ಅದಕ್ಕೆ ಮಂಡಾಳು ಎನ್ನುತ್ತಿದ್ದರು, ಬೆಳಗಿನ ಒಗ್ಗರಣೆಗೆ ಹಾಕುವ ಮಂಡಾಳಿನ, ಅಂದರೆ ಮಂಡಕ್ಕಿಯ ಹಾಗೇ ಹಗುರ ಎಂದು.

ಆಯುಧಪೂಜೆಗೆ ವಾರವಿರುವಾಗ ಸುಂಕಮ್ಮನ ಸೂಕ್ಷ್ಮದರ್ಶಕದ ಕೆಳಗೆ ಬರೀ ಮಂಡಾಳೇ ಕಾಣತೊಡಗಿತು.

ಸುಂಕಮ್ಮ ನಿಯಂತ್ರಣ ಕೊಠಡಿಯ ಪಾಳಿ ಅಧಿಕಾರಿ. ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಓದಿ ಹುಟ್ಟಿದೂರಿಗೆ ಮರಳಿದವಳು. ಅವಳಿಗೆ ಗೊತ್ತಿಲ್ಲದ್ದು ಆ ಗೋಪುರದಲ್ಲಿ ಕಡಿಮೆ. ಆದರೆ ಅವಳ ಮಾತು ತುಟಿ ದಾಟಿ ಮೇಜಿನ ಆಚೆ ಬದಿ ಮುಟ್ಟುವಷ್ಟರಲ್ಲೇ ಆರಿಹೋಗುತ್ತಿತ್ತು. ನಾಲ್ಕು ಜನರಿದ್ದ ಕಡೆ ಅವಳು ಗೋಡೆ ಸೇರುವವಳು. ಹಬ್ಬಕ್ಕೆ ಊರೆಲ್ಲ ಕೊರಳಿನದನ್ನು ಬಿಟ್ಟು ಮನೆಯಲ್ಲಿರುವ ಇನ್ನೊಂದು ಗಿಂಡಿಗೆ ಹೊಸ ಪುಡಿ ತುಂಬಿಸಿ ಪೂಜೆಗೆ ಇಡುವುದು ವಾಡಿಕೆ. ಬೇಡಿಕೆ ಮೂರು ಪಟ್ಟು ಏರುತ್ತದೆ. ಅಂಬಲಿಯನ್ನು ಹೆಚ್ಚು ಹರಿಸಬೇಕೆಂದರೆ ಅದು ಬೇಗ ಒಣಗಬೇಕು, ಬೇಗ ಒಣಗಬೇಕೆಂದರೆ ಗಾಳಿ ಇನ್ನೂ ಕಾಯಬೇಕು. ಕಾಯಿಸು ಎಂದು ವ್ಯವಸ್ಥಾಪಕ ಮಲ್ಲನಗೌಡ ಹೇಳಿದ್ದ. ಸುಂಕಮ್ಮ ಕೀಲಿ ಒತ್ತಿ ಕಾಯಿಸಿದ್ದಳು.

ಕಾಳಿನ ಚಿತ್ರಗಳನ್ನು ಅವನ ಮುಂದೆ ಹಿಡಿದು, ಇವು ಟೊಳ್ಳು, ಇದರ ಉಸಿರು ಬೇಗ ತೀರುತ್ತದೆ, ಬಿಸಿ ಇಳಿಸೋಣ ಎಂದು ಅವಳು ಎರಡು ಸಲ ಹೇಳಿದಳು. ಎರಡನೆಯ ಸಲ ಅವನಿಗೆ ಕೇಳಿಸಿತು.

"ಮಂಡಾಳು ತಿಂದ್ರೂ ಹೊಟ್ಟಿ ತುಂಬತೈತಲ್ಲವಾ," ಎಂದು ಗೌಡ ನಕ್ಕ. "ಬೇಗ ತೀರಿದ್ರ ಬೇಗ ಬರ್ತಾರ. ಹಬ್ಬ ಮುಗೀಲಿ, ಇಳಸೋಣು."

ಅವನು ಕೆಟ್ಟವನೇನಲ್ಲ. ಹಬ್ಬದ ದಿನ ಊರಿಗೆ ಪುಡಿ ಸಾಲದೆ ಹೋದರೆ ಏನಾಗುತ್ತದೆಂದು ಅವನು ಒಮ್ಮೆ ಕಂಡಿದ್ದ. ಟೊಳ್ಳು ಕಾಳಿನ ತೊಂದರೆ ಬೇಗ ತೀರುವುದಷ್ಟೇ ಎಂದು ಸುಂಕಮ್ಮನೂ ನಂಬಿದ್ದಳು. ಪ್ರಯೋಗಾಲಯದಲ್ಲಿ ಪುಡಿಯನ್ನು ಕುಲುಕಿ ನೋಡಿದ್ದರು, ನೆನೆಸಿ ನೋಡಿದ್ದರು, ಲಾರಿಯ ಗಾಲಿಯ ಕೆಳಗಿಟ್ಟು ನೋಡಿದ್ದರು. ಗಿಂಡಿಯ ಬಾಯಿಯ ಮೇಲೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರ ಹಚ್ಚಿ ಯಾರೂ ನೋಡಿರಲಿಲ್ಲ. ಅವರೆಲ್ಲರ ಮನೆಯಲ್ಲೂ ಪ್ರತಿ ವರ್ಷ ಅದನ್ನೇ ಮಾಡುತ್ತಿದ್ದರು. ಆದರೆ ಪ್ರಯೋಗಾಲಯದೊಳಗೆ ಹೋಗುವಾಗ ಚಪ್ಪಲಿಯ ಜೊತೆಗೆ ಅದನ್ನೂ ಹೊರಗೇ ಬಿಟ್ಟು ಹೋಗುತ್ತಿದ್ದರು.

ಹಬ್ಬದ ಬೆಳಿಗ್ಗೆ ಪಾಳಿ ಮುಗಿಸಿ ಸುಂಕಮ್ಮ ಮನೆಗೆ ಬಂದಾಗ ಅವ್ವ ದುರುಗಮ್ಮ ಮಣೆಯ ಮೇಲೆ ಹೊಸ ಪುಡಿಯ ಗಿಂಡಿಗಳನ್ನಿಟ್ಟು, ವಿಭೂತಿ ಬಳಿದು, ಚೆಂಡುಹೂವು ಏರಿಸಿ ಕಾಯುತ್ತಿದ್ದಳು. ದುರುಗಮ್ಮ ಇಪ್ಪತ್ತು ವರ್ಷ ಅದಿರು ಹೊತ್ತವಳು. ಗಿಂಡಿ ತೆಗೆದರೆ ಒಲೆಯಿಂದ ಬಾಗಿಲಿಗೆ ನಡೆಯುವಷ್ಟೂ ಉಸಿರಿಲ್ಲ. ಆದರೂ ಮಾತಿಗೆ ಕಡಿಮೆ ಇರಲಿಲ್ಲ. ದೇವರು ಕಾಯ್ತಾನ, ಮಗಳು ಕಾಯಸ್ತಾಳ ಎಂದು ಗೊಣಗಿ, ಕೈಕಾಲು ತೊಳೆದು ಬಾ ಎಂದಳು. ಪಕ್ಕದ ಮನೆಯ ಎರಿಸ್ವಾಮಿಯ ಮಗಳು ಶಿವಗಂಗಾ ಆಗಷ್ಟೇ ಬಂದು ಹೋಳಿಗೆ ಕೊಟ್ಟು, ಪುಡಿ ಅಕ್ಕ ಬಂದ್ಲಾ ಎಂದು ಕೇಳಿ ಹೋಗಿದ್ದಳಂತೆ. ಹೊಸ ಲಂಗ ತೋರಿಸಬೇಕಿತ್ತಂತೆ. ಒಂದೇ ಮಗಳು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದವಳು.

ಸುಂಕಮ್ಮ ಹಿತ್ತಿಲಿನಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಪಕ್ಕದ ಮನೆಯಿಂದ ಗಂಟೆಯ ಸದ್ದು ಬಂತು. ಗಂಟೆ ನಿಂತಿತು. ಆಮೇಲೆ, ದೊಡ್ಡ ಹಾವೊಂದು ಗೋಡೆಯಾಚೆ ಬುಸುಗುಟ್ಟಿದಂಥ ಸದ್ದು.

ಅವಳು ಓಡಿ ಹೋಗಿ ನೋಡಿದಾಗ ಎರಿಸ್ವಾಮಿಯ ಪಡಸಾಲೆಯಲ್ಲಿ ಬೆಂಕಿ ಕೆಂಪಗಿರಲಿಲ್ಲ, ಬೆಳ್ಳಗಿತ್ತು. ಕರ್ಪೂರದ ಬಿಸಿಗೆ ತೆಳು ಸಿಪ್ಪೆಯ ಟೊಳ್ಳು ಕಾಳುಗಳು ಥಟ್ಟನೆ ಕಾದು, ಹಿಡಿದಿಟ್ಟುಕೊಂಡಿದ್ದ ಉಸಿರನ್ನೆಲ್ಲ ಒಂದೇ ಸಲಕ್ಕೆ ಬಿಟ್ಟಿದ್ದವು. ದಿನವಿಡೀ ಮೂರು ಜನ ಉಸಿರಾಡಬೇಕಾದ ಆಮ್ಲಜನಕ ಒಂದು ಕರ್ಪೂರದ ಕುಡಿಗೆ ಸಿಕ್ಕಿತ್ತು. ಮಂಗಳಾರತಿ ತೆಗೆದುಕೊಳ್ಳಲು ಎರಡೂ ಕೈ ಚಾಚಿ ಬಗ್ಗಿದವಳು ಶಿವಗಂಗಾ. ಜಡೆ ಹತ್ತಿಕೊಂಡಿತ್ತು, ಹೊಸ ಲಂಗ ಮೈಗೆ ಕರಗಿ ಅಂಟಿಕೊಂಡಿತ್ತು. ಅವಳ ಕೊರಳಲ್ಲಿದ್ದ ಹಳೆಯ ಗಿಂಡಿಯ ಕೊಳವೆಯೂ ಉರಿಯುತ್ತಿತ್ತು, ಆದ್ದರಿಂದ ಕೂಗಲೂ ಆಗಲಿಲ್ಲ. ಎರಿಸ್ವಾಮಿ ಬರಿಗೈಯಲ್ಲಿ ಅವಳನ್ನು ಬಡಿದು ಬಡಿದು ಆರಿಸುತ್ತಿದ್ದ. ಬಡಿದ ಕಡೆಯೆಲ್ಲ ಅವನ ಅಂಗೈಯ ಚರ್ಮ ಉಳಿಯುತ್ತಿತ್ತು. ಅವನ ಹೆಂಡತಿ ಮಾರೆಕ್ಕ ಕಂಬಳಿ ಹಿಡಿದು ನಿಂತಿದ್ದಳು, ಅದನ್ನು ಏನು ಮಾಡಬೇಕೆಂಬುದೇ ಮರೆತವಳಂತೆ. ಸುಂಕಮ್ಮ ಕಂಬಳಿ ಕಿತ್ತುಕೊಂಡು ಹುಡುಗಿಯ ಮೇಲೆ ಹೊದಿಸಿ ಮೇಲೆ ಬಿದ್ದಳು. ಬೆಂಕಿ ಆರಿತು. ಕಂಬಳಿಯ ಕೆಳಗೆ ಏನೂ ಮಿಸುಕಲಿಲ್ಲ.

ಅಷ್ಟರಲ್ಲಿ ಅದೇ ಸದ್ದು ಎದುರು ಮನೆಯಿಂದ ಬಂತು. ಆಮೇಲೆ ಓಣಿಯ ತುದಿಯಿಂದ. ಆಮೇಲೆ ಎಲ್ಲ ಕಡೆಯಿಂದ. ಪೂಜೆಯ ಮುಹೂರ್ತ ಊರಿಗೆಲ್ಲ ಒಂದೇ.

ಸುಂಕಮ್ಮ ತನ್ನ ಮನೆಗೆ ತಿರುಗಿ ಓಡಿದಳು. ದುರುಗಮ್ಮ ಕಡ್ಡಿ ಗೀರಿ ಕರ್ಪೂರಕ್ಕೆ ಹಿಡಿಯುತ್ತಿದ್ದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಸುಂಕಮ್ಮ ಮಣೆಯನ್ನು ಜಾಡಿಸಿ ಒದ್ದಳು. ಗಿಂಡಿ, ಕಾಯಿ, ಕುಂಕುಮ, ಹೋಳಿಗೆಯ ತಟ್ಟೆ ಎಲ್ಲ ಗೋಡೆಗೆ ಬಡಿದು ಬಿದ್ದವು. ಹಬ್ಬದ ದಿನ ಪೂಜೆಯ ಮಣೆಗೆ ಕಾಲು ತಾಗಿಸಿದ ಮಗಳ ಕೆನ್ನೆಗೆ ದುರುಗಮ್ಮ ಫಟೀರೆಂದು ಹೊಡೆದಳು. ಹೊಡೆದ ಕೈ ಮೇಲೆಯೇ ಇರುವಾಗ ಹೊರಗಿನ ಕೂಗು ಅವಳಿಗೂ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಜಗಲಿಯಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಜಾಗ ಸಾಲದೆ ಅಂಗಳದಲ್ಲೂ ಮಲಗಿಸಬೇಕಾಯಿತು. ಊರಿನವರು ಹೊಸ ಪುಡಿಯನ್ನೆಲ್ಲ ಚರಂಡಿಗೆ ಸುರಿದರು. ಓಣಿಗಳುದ್ದಕ್ಕೂ ಹಳದಿ ಕೆಸರು ಹರಿಯಿತು. ಆಮೇಲೆ ಕೈಗೆ ಸಿಕ್ಕಿದ್ದನ್ನು ಹಿಡಿದು ಕಾರ್ಖಾನೆಯ ಕಡೆ ನಡೆದರು.

ಸುಂಕಮ್ಮ ಅವರಿಗಿಂತ ಮೊದಲೇ ಅಡ್ಡದಾರಿಯಲ್ಲಿ ನಿಯಂತ್ರಣ ಕೊಠಡಿ ಸೇರಿದ್ದಳು. ಗಾಳಿಯ ಬಿಸಿಯನ್ನು ಹಳೆಯ ಅಂಕಿಗೆ ಇಳಿಸಿದಳು, ಅಂಬಲಿಯ ಹರಿವನ್ನು ಅರ್ಧಕ್ಕೆ ತಗ್ಗಿಸಿದಳು. ಗೋಪುರ ತಣಿದು ಹದಕ್ಕೆ ಬರಲು ಸಂಜೆಯಾಗುತ್ತದೆ, ಗಟ್ಟಿ ಕಾಳು ಕುಲುಮೆಯಲ್ಲಿ ಬೆಂದು, ಆಮ್ಲಜನಕ ಕುಡಿದು ಕಟ್ಟೆಗೆ ಬರಲು ಬೆಳಗಾಗುತ್ತದೆ. ಊರಿನವರ ಕೊರಳಲ್ಲಿರುವುದು ಹಬ್ಬಕ್ಕೆ ಮುಂಚೆ ತುಂಬಿಸಿದ ಹಳೆಯ ಪುಡಿಯ ತಳ. ಅದು ಬೆಳಗಿನತನಕ ಬರುವುದೇ ಕಷ್ಟ. ಅವ್ವನದು ಬರುವುದಿಲ್ಲ. ಅವಳು ಕೈಬೆರಳು ಮಡಚಿ ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಗೋಪುರ ಒಂದು ಗಳಿಗೆಯೂ ನಿಲ್ಲಕೂಡದು.

ಕಿಟಕಿಯಿಂದ ಅವಳು ಗೇಟು ಬೀಳುವುದನ್ನು ನೋಡಿದಳು. ಮಲ್ಲನಗೌಡ ಓಡಿಹೋಗಿರಲಿಲ್ಲ, ಕೈಮುಗಿದು ನಿಂತಿದ್ದ. ಕೈಮುಗಿದವನನ್ನೇ ಕೆಡವಿದರು. ಸಲಿಕೆಯ ಹಿಡಿ, ಕಲ್ಲು, ಒನಕೆ. ಒಬ್ಬಾಕೆ ತನ್ನ ಸುಟ್ಟ ಮಗುವಿನ ಗಿಂಡಿಯಿಂದಲೇ ಅವನ ಬಾಯಿಗೆ ಹೊಡೆಯುತ್ತಿದ್ದಳು. ಎಡಗಣ್ಣು ಹೋದಮೇಲೂ ಗೌಡ ಮಾತಾಡಲು ನೋಡುತ್ತಿದ್ದ. ಕೊನೆಗೆ ಕೈಯೆತ್ತಿ ಕಿಟಕಿಯನ್ನು ತೋರಿಸಿದ. ಹೇಳಿದ್ದು ನಾನು, ಕೀಲಿ ಒತ್ತಿದವಳು ಅವಳು ಎಂದನಂತೆ. ಅದು ಸುಳ್ಳಲ್ಲ.

ಸುಂಕಮ್ಮ ಹೊರಗೆ ಬಂದು ಗೋಪುರದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹತ್ತಿರದವರೇ ಎಲ್ಲ. ಕಟ್ಟೆಯ ಹತ್ತಿರ ಅವಳನ್ನು ನೋಡಿ, ನಮ್ಮ ಸುಂಕಿ ಎನ್ನುತ್ತಿದ್ದವರು. ಮೊದಲ ಕಲ್ಲು ಅವಳ ಹುಬ್ಬಿಗೆ ಬಿತ್ತು. ಎರಡನೆಯದು ಬೀಳುವ ಮೊದಲು, ಹುಟ್ಟಿದಂದಿನಿಂದ ಒಳಗೇ ಉಳಿದುಹೋಗಿದ್ದ ದನಿಯೊಂದು ಅವಳಿಂದ ಹೊರಗೆ ಬಂತು.

"ಹೊಸಾ ಪುಡಿ ಚೆಲ್ಲೀರಿ, ಛಲೋ ಮಾಡೀರಿ. ಈಗ ಕೊಳ್ಳಾಗ ಐತಲ್ಲ, ಅದು ನಾಳಿ ಬೆಳಕು ಹರಿಯಾತನಕ ಬಂದ್ರ ದೊಡ್ಡದು. ಈ ಗೋಪುರ ಬಿತ್ತಂದ್ರ ನಮ್ಮವ್ವ ಸಾಯ್ತಾಳ, ನಿಮ್ಮವ್ವನೂ ಸಾಯ್ತಾಳ. ನನ್ನ ಕೊಲ್ಲಾದಿದ್ರ ಕೊಲ್ರಿ. ಪುಡಿ ಬಂದ ಮ್ಯಾಲ ಕೊಲ್ರಿ."

ಹಣೆಯ ರಕ್ತ ಕಣ್ಣಿಗಿಳಿದು ಅವಳಿಗೆ ಮುಂದಿನದು ಕಾಣಿಸಲಿಲ್ಲ. ಕೇಳಿಸಿದ್ದು ಮಾತ್ರ: ಗುಂಪಿನ ಏದುಸಿರು. ನೂರಾರು ಎದೆಗಳ ಸಿಳ್ಳೆ. ಒಬ್ಬೊಬ್ಬರೂ ತಮ್ಮ ಗಿಂಡಿಯನ್ನು ಮುಟ್ಟಿ ನೋಡಿಕೊಳ್ಳುವ ಸದ್ದು. ಕಲ್ಲು ಹಿಡಿದ ಕೈಗಳು ಕೆಳಗಿಳಿದವು, ಕಲ್ಲನ್ನು ಬಿಡಲಿಲ್ಲ.

ಗುಂಪನ್ನು ಸೀಳಿಕೊಂಡು ಎರಿಸ್ವಾಮಿ ಬಂದ. ಗಣಿಯಲ್ಲಿ ಬಂಡೆ ಒಡೆಯುತ್ತಿದ್ದ ಆಳು. ಅಂಗೈಗೆ ಸುತ್ತಿದ ಬಟ್ಟೆ ತೊಯ್ದು ಕಪ್ಪಾಗಿತ್ತು, ಅದೇ ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ. ಅವನು ಬೈಯಲಿಲ್ಲ. ಮೂಗಿನಿಂದ ಕೊಳವೆ ಎಳೆದು, ಕೊರಳಿನ ಗಿಂಡಿ ತೆಗೆದು ಸುಂಕಮ್ಮನ ಕೈಯಲ್ಲಿಟ್ಟ.

"ಇದರ ಉಸಿರು ನನಗ ಬ್ಯಾಡ ತಂಗಿ."

ಅವಳನ್ನು ಪಕ್ಕಕ್ಕೆ ಸರಿಸಿ ಗೋಪುರದ ಏಣಿ ಹತ್ತತೊಡಗಿದ. ನೆತ್ತಿಯಲ್ಲಿ ಚಕ್ರ ಇದೆ, ಅದರ ಕವಚ ಒಡೆದರೆ ಗೋಪುರ ಸತ್ತಂತೆ ಎಂಬುದು ಊರಿಗೆಲ್ಲ ಗೊತ್ತು. ಯಾರೂ ಅವನನ್ನು ತಡೆಯಲಿಲ್ಲ. ಅವನಿಗೆ ಆ ಹಕ್ಕಿದೆ ಎಂದು ಎಲ್ಲರಿಗೂ ಅನ್ನಿಸಿರಬೇಕು. ಹಾಗೆಯೇ ಅವನು ಗೆಲ್ಲಬಾರದು ಎಂದೂ.

ಸುಂಕಮ್ಮ ಅವನ ಹಿಂದೆ ಹತ್ತಿದಳು, ಗಿಂಡಿಯನ್ನು ಎದೆಗೆ ಅವುಚಿಕೊಂಡು. ಅರ್ಧ ದಾರಿಯಲ್ಲಿ ಅವನು ಎರಡು ಸಲ ನಿಂತ. ಮೇಲಿನ ಜಾಲರಿಯ ಮೇಲೆ ಕಾಲಿಟ್ಟಾಗ ಅವನ ಎದೆ ಒಡೆದ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಕಾಲ ಕೆಳಗೆ ಚಕ್ರ ಮೊರೆಯುತ್ತಿತ್ತು. ಸುತ್ತಲೂ ಕೆಂಪು ಧೂಳು, ಊರು ಕಾಣುತ್ತಿರಲಿಲ್ಲ. ಅವನು ಸುತ್ತಿಗೆ ಎತ್ತಿ ಕವಚದ ಮೇಲೆ ಇಳಿಸಿದ. ಗೋಪುರ ಗಂಟೆಯಂತೆ ಮೊಳಗಿತು. ಎರಡನೆಯ ಏಟಿಗೆ ಒಂದು ಮೊಳೆ ಹಾರಿತು. ಮೂರನೆಯ ಏಟಿಗೆ ಕವಚ ಬಿರುಕು ಬಿಟ್ಟು, ಒಳಗಿನ ಬಿಸಿ ಅಂಬಲಿ ಅವನ ಮುಖಕ್ಕೆ ಸಿಡಿಯಿತು. ಅವನು ಒರೆಸಿಕೊಳ್ಳಲೂ ಇಲ್ಲ. ಇನ್ನೊಂದು ಏಟು ಸರಿಯಾಗಿ ಬಿದ್ದರೆ ಮುಗಿಯಿತು.

ನಾಲ್ಕನೆಯದಕ್ಕೆ ತೋಳು ಏಳಲಿಲ್ಲ. ಅವನು ಮಂಡಿಯೂರಿದ. ತುಟಿ ನೇರಳೆಯಾಗಿತ್ತು. ಬಾಯಿ ಮೀನಿನಂತೆ ತೆರೆದು ಮುಚ್ಚುತ್ತಿತ್ತು. ಅವನು ಸುಂಕಮ್ಮನ ಕಡೆ ಎಡಗೈ ಚಾಚಿದ. ಬಲಗೈ ಸುತ್ತಿಗೆಯನ್ನು ಬಿಟ್ಟಿರಲಿಲ್ಲ.

"ಕೊಡು," ಎಂದ.

"ಸುತ್ತಿಗಿ ಕೆಳಗ ಒಗಿ ಯಣ್ಣಾ. ಒಗದ್ರ ಕೊಡ್ತೀನಿ."

ಅವನು ಸುತ್ತಿಗೆಯನ್ನು ನೋಡಿದ. ಜಾಲರಿಯ ಅಂಚು ಮೊಳದಷ್ಟೂ ದೂರವಿರಲಿಲ್ಲ. ತಳ್ಳಿದರೆ ಸಾಕಿತ್ತು. ಅವಳು ಇನ್ನೊಮ್ಮೆ ಹೇಳಿದಳು, ಬೇಡಿಕೊಂಡಳು, ಅಳುತ್ತ ಹೇಳಿದಳು. ಅವನು ತಲೆಯಾಡಿಸಿದ. ಇಲ್ಲ. ಗಿಂಡಿಯನ್ನು ಕೊಟ್ಟರೆ ಅವನು ಎರಡು ಉಸಿರಿನಲ್ಲಿ ಎದ್ದು ನಿಲ್ಲುತ್ತಾನೆಂದು ಅವಳಿಗೆ ಗೊತ್ತಿತ್ತು. ಎದ್ದರೆ ಏನು ಮಾಡುತ್ತಾನೆಂಬುದೂ ಗೊತ್ತಿತ್ತು. ಅವನೂ ಸುಳ್ಳು ಹೇಳಿ ಈಸಿಕೊಳ್ಳಬಹುದಿತ್ತು, ಹೇಳಲಿಲ್ಲ.

ಸುಂಕಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಅವನು ತೆವಳಿ ಅವಳ ಸೀರೆಯ ಸೆರಗು ಹಿಡಿದ. ಹಿಡಿತ ಗಟ್ಟಿಯಾಗಿತ್ತು, ಅವಳು ಅವನ ಸುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆ ನೋವಿಗೆ ಅವನು ಕೂಗಲು ನೋಡಿದ, ಕೂಗಲು ಗಾಳಿ ಇರಲಿಲ್ಲ. ಅವನ ಕಣ್ಣು ಅವಳ ಮುಖವನ್ನು ಬಿಡಲೇ ಇಲ್ಲ. ಅವಳೂ ಬೇರೆ ಕಡೆ ನೋಡಲಿಲ್ಲ. ನೋಡದೆ ಇರುವುದು ಇನ್ನೂ ದೊಡ್ಡ ಕಳ್ಳತನ ಎನ್ನಿಸಿತು. ಹಿಮ್ಮಡಿ ಜಾಲರಿಗೆ ಬಡಿಯುತ್ತಿತ್ತು. ನಿಧಾನವಾಯಿತು. ಸುತ್ತಿಗೆಯ ಹಿಡಿಯಿಂದ ಬೆರಳು ತಾವಾಗಿ ಸಡಿಲವಾದಾಗ ಅವಳು ಒಂದೇ ನೆಗೆತಕ್ಕೆ ಸುತ್ತಿಗೆಯನ್ನು ಒದ್ದು ಕೆಳಗೆ ಬೀಳಿಸಿ, ಕೊಳವೆಯನ್ನು ಅವನ ಮೂಗಿಗೆ ತುರುಕಿ, ಎದೆಯನ್ನು ಎರಡೂ ಕೈಯಿಂದ ಅದುಮಿದಳು. ಅದುಮುತ್ತಲೇ ಇದ್ದಳು. ಪಕ್ಕೆಲುಬು ಮುರಿದದ್ದು ಕೈಗೆ ತಿಳಿಯಿತು. ಗಿಂಡಿಯಿಂದ ಉಸಿರು ಬರುತ್ತಿತ್ತು, ತೆಗೆದುಕೊಳ್ಳುವವನಿರಲಿಲ್ಲ.

ಅವನನ್ನು ಹಗ್ಗ ಕಟ್ಟಿ ಇಳಿಸಿದರು. ಏನಾಯಿತೆಂದು ಕೆಳಗಿನವರು ಕೇಳಲಿಲ್ಲ. ಕೇಳದೆಯೇ ಒಬ್ಬಿಬ್ಬರು ಮುಂದೆ ಬಂದು, ಬಿರುಕು ಬಿಟ್ಟ ಕವಚಕ್ಕೆ ಪಟ್ಟಿ ಬಿಗಿಯಲು ತಂತಿಯನ್ನೂ ಇಕ್ಕಳವನ್ನೂ ಮೇಲಕ್ಕೆ ಕಳಿಸಿದರು.

ಆ ದಿನ ಗೋಪುರ ನಿಲ್ಲಲಿಲ್ಲ. ಸುಂಕಮ್ಮ ಹುಬ್ಬಿಗೆ ಬಟ್ಟೆ ಸುತ್ತಿಕೊಂಡು ಅಂಕಿಗಳ ಮುಂದೆ ಕೂತಳು. ಕಾರ್ಖಾನೆಯ ಆಳುಗಳು ಅವಳು ಹೇಳಿದ್ದನ್ನು ಮಾಡಿದರು. ಮಸೂರದ ಕೆಳಗೆ ಕಾಳುಗಳು ಬಂದವು: ದುಂಡಗೆ, ಗಟ್ಟಿಯಾಗಿ, ಒಂದರಂತೆ ಇನ್ನೊಂದು. ಅಷ್ಟು ಚೆಂದದ ಕಾಳನ್ನು ಅವಳು ಎಂದೂ ತೆಗೆದಿರಲಿಲ್ಲ. ಆಮ್ಲಜನಕ ಕುಡಿದು ಬಂದ ಮೇಲೆ ಒಂದು ಚಮಚದಷ್ಟನ್ನು ಅಂಗಳಕ್ಕೊಯ್ದು, ಕರ್ಪೂರ ಹಚ್ಚಿ ಅದರ ಮೇಲಿಟ್ಟಳು. ಕರ್ಪೂರ ಉರಿದು ಮುಗಿಯಿತು. ಕಾಳು ಸುಮ್ಮನಿತ್ತು.

ಬೆಳಗಾಗುವುದರೊಳಗೆ ಊರಿನಲ್ಲಿ ಇನ್ನಷ್ಟು ಜನ ಉಸಿರಿಲ್ಲದೆ ಹೋಗಿದ್ದರು. ದುರುಗಮ್ಮ ಹೋಗಿರಲಿಲ್ಲ. ಸುಂಕಮ್ಮ ತನ್ನ ಗಿಂಡಿಯನ್ನು ಅವಳಿಗೆ ಕಳಿಸಿ, ತಾನು ಒದ್ದೆ ಬಟ್ಟೆ ಮೂಗಿಗೆ ಒತ್ತಿಕೊಂಡು ಕೆಮ್ಮುತ್ತ ಕೆಲಸ ಮಾಡಿದ್ದಳು.

ಕಟ್ಟೆಯ ಕಿಂಡಿ ತೆರೆದಾಗ ಸಾಲು ಗೇಟಿನಾಚೆಗೂ ಇತ್ತು. ನಿನ್ನೆ ಕಲ್ಲು ಹಿಡಿದಿದ್ದ ಕೈಗಳು ಇಂದು ಗಿಂಡಿ ಹಿಡಿದಿದ್ದವು. ಜಗಳವಿರಲಿಲ್ಲ, ನೂಕಾಟವಿರಲಿಲ್ಲ. ತುಂಬಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಒಳಗಿರಿ ಎಂದು ಆಳುಗಳು ಹೇಳಿದರು. ಸುಂಕಮ್ಮ ತಾನೇ ನಿಂತಳು. ಯಾರೂ ಅವಳ ಮುಖ ನೋಡದೆ ಗಿಂಡಿ ಚಾಚಿದರು, ತುಂಬಿಸಿಕೊಂಡರು, ಸರಿದರು.

ಸಾಲಿನಲ್ಲಿ ಮಾರೆಕ್ಕ ಇದ್ದಳು. ಒಂದೇ ದಿನದಲ್ಲಿ ಮಗಳನ್ನೂ ಗಂಡನನ್ನೂ ಮಣ್ಣಿಗೆ ಕೊಟ್ಟ ಹೆಂಗಸು. ಕೂದಲಲ್ಲಿ ಇನ್ನೂ ಬೂದಿಯಿತ್ತು. ಅವಳು ಮುಂದೆ ಹೋಗಲಿ ಎಂದು ಸಾಲು ದಾರಿ ಬಿಟ್ಟಿತು. ಅವಳು ಒಪ್ಪಲಿಲ್ಲ, ತನ್ನ ಸರದಿಗೆ ನಿಂತಳು. ನಿಲ್ಲಲಾಗದೆ ಕೂತಳು, ಕೂತು ತೆವಳಿ ಬಂದಳು. ಕಿಂಡಿಯ ಮುಂದೆ ಬಂದಾಗ ಅವಳ ತುಟಿಯೂ ನೇರಳೆಯಾಗಿತ್ತು. ಗಿಂಡಿ ಎತ್ತಿ ಕೊಡುವಷ್ಟು ಕೂಡ ತೋಳಿನಲ್ಲಿ ತ್ರಾಣವಿರಲಿಲ್ಲ.

ಸುಂಕಮ್ಮ ಹೊರಗೆ ಬಂದು ಅವಳ ಪಕ್ಕ ಮಂಡಿಯೂರಿ, ಗಿಂಡಿಗೆ ಪುಡಿ ತುಂಬಿ, ಮುಚ್ಚಳ ತಿರುಗಿಸಿ, ಕೊಳವೆಯನ್ನು ಮೂಗಿಗಿಟ್ಟಳು. ಗಿಂಡಿ ಬೆಚ್ಚಗಾಯಿತು. ಮಾರೆಕ್ಕ ಕಣ್ಣು ಮುಚ್ಚಿ ಎಳೆದುಕೊಂಡಳು. ಒಂದು ಉಸಿರು. ಇನ್ನೊಂದು. ಕೆನ್ನೆಗೆ ಬಣ್ಣ ಬಂತು. ಬೆನ್ನು ನೆಟ್ಟಗಾಯಿತು. ಮೂರನೆಯ ಉಸಿರನ್ನು ಎದೆ ತುಂಬ, ಬುಡದವರೆಗೆ ಎಳೆದುಕೊಂಡು, ಅದು ಕೊಟ್ಟ ಅಷ್ಟೂ ಬಲವನ್ನು ಕೈಗೆ ತಂದು, ಅವಳು ಸುಂಕಮ್ಮನ ಮುಖಕ್ಕೆ ಹೊಡೆದಳು.

ಹುಬ್ಬಿನ ಗಾಯ ಬಿಚ್ಚಿಕೊಂಡಿತು. ಸುಂಕಮ್ಮ ನೆಲಕ್ಕೆ ಕೈಯೂರಿ ಎದ್ದಳು. ಮಾರೆಕ್ಕ ಇನ್ನೂ ಹೊಡೆಯುತ್ತಾಳೇನೋ ಎಂದು ನಿಂತು ಕಾದಳು. ಮಾರೆಕ್ಕ ಹೊಡೆಯಲಿಲ್ಲ, ಕೊರಳಿನ ಗಿಂಡಿಯನ್ನು ಸರಿಪಡಿಸಿಕೊಂಡು, ಯಾರ ಆಸರೆಯೂ ಇಲ್ಲದೆ ಗೇಟಿನ ಕಡೆ ನಡೆದುಹೋದಳು. ಅವಳ ಉಸಿರು ಸಮವಾಗಿತ್ತು.

ಸುಂಕಮ್ಮ ಕಿಂಡಿಯೊಳಗೆ ಹೋಗಿ ಮುಂದಿನವರ ಗಿಂಡಿಗೆ ಕೈ ಚಾಚಿದಳು.